ನೀರು ಇಳಿಯಬೇಕು, ಚಕ್ರ ಇಳಿಯಬಾರದು

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಸೇರಿದ ಸದಸ್ಯರ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಮಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಸಂಘ ಹುಟ್ಟಿದ ಕಥೆಯನ್ನು ಅಧ್ಯಕ್ಷರು ಹೇಳಿ ಆಯಿತು. ಲೆಕ್ಕಪತ್ರವನ್ನು ಕಾರ್ಯದರ್ಶಿಯವರು ಓದಿದರು. ಪುತ್ತೂರಿನ ಮೊಳಹಳ್ಳಿ ಶಿವರಾಯರು ನಮ್ಮ ಜಿಲ್ಲೆಯಲ್ಲಿ ಸಹಕಾರವನ್ನು ಬೆಳೆಸಿದ ವಿಚಾರ ಅತಿಥಿಗಳ ಬಾಯಿಂದ ಚೆಂದವಾಗಿ ಬಂತು. ಇನ್ನು ನಮಗೆ ಉಳಿದದ್ದು ಸಂಘದ ಬಾಗಿಲು. ಬಾಗಿಲೂ ಅಲ್ಲ, ಬಾಗಿಲಿನ ಎದುರು ಚರಂಡಿಗೆ ಮುಚ್ಚಿದ ಕಬ್ಬಿಣದ ಜಾಲರಿ. ಬೆಳ್ಳಿಹಬ್ಬದಲ್ಲಿ ಕಬ್ಬಿಣದ ಮಾತು ಎಂತದು ಮಾರಾಯ್ರೆ ಎಂದು ಹಿಂದಿನ ಸಾಲಿನಲ್ಲಿ ಯಾರೋ ನಕ್ಕದ್ದು ಕೇಳಿಸಿತು. ನಗಿ, ಅಡ್ಡಿಯಿಲ್ಲ. ಆ ಜಾಲರಿಯ ವಿಷಯದಲ್ಲಿ ನಾವು ನಿರ್ದೇಶಕರು ಎರಡು ಸಲ ತಪ್ಪು ಮಾಡಿದ್ದೇವೆ. ಅದನ್ನು ಸದಸ್ಯರ ಎದುರು ಹೇಳ್ಬೇಕು ಅಂತ ಮನಸ್ಸಿನಲ್ಲಿತ್ತು.

ನಮ್ಮದು ಮಂಗಳೂರು ಪೇಟೆಗೆ ತಾಗಿದ ಊರು. ಇಲ್ಲಿಯ ಮಳೆ ಹೇಗೆಂದು ನಿಮಗೆ ಹೇಳಬೇಕಾದ್ದಿಲ್ಲ. ವರ್ಷಕ್ಕೆ 3500 ಮಿ.ಮೀ. ದಾಟುತ್ತದೆ, ಅದರಲ್ಲಿ ಹೆಚ್ಚಿನದು ಜೂನಿನಿಂದ ಸೆಪ್ಟೆಂಬರ್ ಒಳಗೆ. ಆ ನಾಲ್ಕು ತಿಂಗಳಲ್ಲಿ ಬೆಳಿಗ್ಗೆ ಆರೂವರೆಗೆ ಸಂಘಕ್ಕೆ ಬರುವವರ ಕೊಡೆಯಿಂದ ನೀರು, ಮೈಯಿಂದ ನೀರು, ಕ್ಯಾನು ತೊಳೆದ ನೀರು, ಮೇಲಿಂದ ಚೆಲ್ಲಿದ ಹಾಲು. ಹಾಲಿನಲ್ಲಿ ಕೊಬ್ಬು ಉಂಟಲ್ಲ, ನಾವು ಫ್ಯಾಟ್ ಎಂದು ಲೆಕ್ಕ ಮಾಡಿ ದುಡ್ಡು ಕೊಡುವುದು ಅದಕ್ಕೇ ಅಲ್ವಾ. ಆ ಕೊಬ್ಬು ನೆಲದಲ್ಲಿ ತೆಳ್ಳಗೆ ಹರಡಿ ಕೂತುಕೊಳ್ಳುತ್ತದೆ. ಅದರ ಮೇಲೆ ನೀರು ನಿಂತರೆ ಕಾಲಿಗೂ ನೆಲಕ್ಕೂ ನಡುವೆ ಒಂದು ಪದರ. ಕಾಲು ನೆಲ ಮುಟ್ಟುವುದೇ ಇಲ್ಲ. ಬೋಳಾದ ಟಯರಿನ ಸ್ಕೂಟರು ಮಳೆಯಲ್ಲಿ ಹೇಗೆ ಜಾರುತ್ತದೋ ಹಾಗೆ.

ಹೊಸ ಕಟ್ಟಡ ಮಾಡುವಾಗ ನೆಲಕ್ಕೆ ಎಂತ ಹಾಕುವುದು ಎಂಬ ಚರ್ಚೆ ಬಂತು. ನಾವು ಹಂಚಿನ ಊರಿನವರು. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ಇಲ್ಲಿಯ ಹಂಚು ದೇಶ ವಿದೇಶಕ್ಕೆ ಹೋಯಿತು. ಆವೆಮಣ್ಣಿನ ಆ ನೆಲಹಂಚಿನ ಮೇಲೆ ಅಜ್ಜ ಅಜ್ಜಿಯರು ಬರಿಗಾಲಿನಲ್ಲಿ ನಡೆದರು. ನಾವು ಮಾತ್ರ ಕನ್ನಡಿಯ ಹಾಗೆ ಹೊಳೆಯುವ ಟೈಲ್ಸ್ ಬೇಕು ಎಂದೆವು. ಪಕ್ಕದ ಊರಿನ ಸಂಘದಲ್ಲಿ ಹಾಕಿದ್ದರು, ಅದಕ್ಕೆ. ಮೊದಲ ತಪ್ಪು ಅಲ್ಲಿಯೇ ಶುರು.

ಆಟಿ ತಿಂಗಳ ಒಂದು ಬೆಳಿಗ್ಗೆ ಹಿರಿಯ ಸದಸ್ಯೆಯೊಬ್ಬರು ಹಾಲಿನ ಪಾತ್ರೆ ಹಿಡಿದುಕೊಂಡೇ ಬಾಗಿಲ ಒಳಗೆ ಜಾರಿ ಬಿದ್ದರು. ಸೊಂಟದ ಹತ್ತಿರ ತೊಡೆಯ ಮೂಳೆ ಮುರಿಯಿತು. ಅವರನ್ನು ಎತ್ತಿ ಜೀಪಿಗೆ ಹಾಕುವಾಗ ಅವರು ಹೇಳಿದ್ದು ಇಷ್ಟು: "ಹಾಲು ಎಲ್ಲ ಚೆಲ್ಲಿ ಹೋಯ್ತು ಮಗಾ, ನೆಲ ಒರಸ್ಲಿಕ್ಕೆ ಯಾರಾದ್ರೂ ಬೇಕಷ್ಟೆ." ಆಪರೇಶನ್ ಆಯಿತು, ಕೋಲು ಹಿಡಿದು ನಡೆದಾಡಿದರು. ಆದರೆ ಹಟ್ಟಿಗೆ ಇಳಿಯಲು ಆಗಲಿಲ್ಲ. ಮೂರು ತಿಂಗಳೊಳಗೆ ದನ ಎರಡನ್ನೂ ಮಾರಿದರು. ಸಂಘದ ಪುಸ್ತಕದಲ್ಲಿ ಅವರ ಸದಸ್ಯ ಸಂಖ್ಯೆಯ ಎದುರು ಈಗ ಖಾಲಿ. ಕಾರ್ಖಾನೆಗಳ 1948ರ ಕಾಯ್ದೆಯಲ್ಲಿಯೇ, ಕೆಲಸದ ಜಾಗದ ನೆಲದಲ್ಲಿ ಜಾರಿ ಬೀಳಿಸುವ ವಸ್ತು ಇರಬಾರದೆಂದು ಬರೆದಿತ್ತಂತೆ. ಆ ಕಾಯ್ದೆ ನಮ್ಮ ಚಿಕ್ಕ ಸಂಘಕ್ಕೆ ಲಾಗೂ ಆಗುತ್ತಿತ್ತೋ ಇಲ್ಲವೋ ಎಂದು ಈಗ ವಾದ ಮಾಡಿ ಪ್ರಯೋಜನ ಇಲ್ಲ. ಬಿದ್ದದ್ದು ನಾವು ಹಾಕಿಸಿದ ನೆಲದಲ್ಲಿ.

ಆಮೇಲೆ ಗಡಿಬಿಡಿಯಲ್ಲಿ ಕೆಲಸ ಮಾಡಿದೆವು. ಬಾಗಿಲಿನ ಉದ್ದಕ್ಕೂ ಒಂದು ಅಡಿ ಅಗಲದ ಚರಂಡಿ ತೆಗೆಸಿ, ಅದರ ಮೇಲೆ ಕಬ್ಬಿಣದ ಗ್ರೇಟಿಂಗ್ ಹಾಕುವುದೆಂದು ತೀರ್ಮಾನ. ಪಣಂಬೂರು, ಬೈಕಂಪಾಡಿ ಕಡೆ ಕಾರ್ಖಾನೆಗಳಿಗೆ ಕೆಲಸಕ್ಕೆ ಹೋಗುವ ನಮ್ಮ ಊರಿನ ಹುಡುಗರು ದಾರಿ ತೋರಿಸಿದರು. ಅಲ್ಲಿ ಎತ್ತರದಲ್ಲಿ ನಡೆದಾಡುವ ದಾರಿ, ಮೆಟ್ಟಿಲು ಎಲ್ಲ ಇದರದ್ದೇ. ಎಣ್ಣೆ ಬಿದ್ದರೂ ನೀರು ಬಿದ್ದರೂ ಕೆಳಗೆ ಇಳಿದು ಹೋಗುತ್ತದೆ, ಮೇಲೆ ನಿಲ್ಲುವುದಿಲ್ಲ. ಪಟ್ಟಿಯ ಮೇಲಂಚಿಗೆ ಗರಗಸದ ಹಾಗೆ ಹಲ್ಲು ಇರುತ್ತದೆ, ಬೂಟನ್ನು ಕಚ್ಚಿ ಹಿಡಿಯುತ್ತದೆ. ಬಂದರಿನ ಅಂಗಡಿಯಲ್ಲಿ ಸಿದ್ಧ ಮಾಲು ಇತ್ತು, ಅದೇ ತಂದೆವು. ಪಟ್ಟಿಯಿಂದ ಪಟ್ಟಿಗೆ 30 ಮಿ.ಮೀ., ಎಲ್ಲಾ ಕಡೆ ಸಿಗುವ ಅಳತೆ. ಹಾಕಿದ ದಿನ ನಾವೇ ಅದರ ಮೇಲೆ ನಿಂತು ಕುಣಿದು ನೋಡಿದೆವು. ಜಾರಲಿಲ್ಲ. ಫೋಟೋ ತೆಗೆದೆವು.

ಇನ್ನು ಎರಡನೆಯ ತಪ್ಪು.

ನಮ್ಮ ಸದಸ್ಯರಲ್ಲಿ ಒಬ್ಬರಿದ್ದಾರೆ, ಹೆಸರು ಹೇಳುವುದಿಲ್ಲ, ಊರಿಗೆಲ್ಲ ಅವರು ಅಣ್ಣ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡಲು ಅಡಿಕೆ ಮರ ಹತ್ತಿದವರು ಕೆಳಗೆ ಬಿದ್ದು, ಬೆನ್ನುಹುರಿಗೆ ಪೆಟ್ಟಾಗಿ, ಸೊಂಟದ ಕೆಳಗೆ ಸ್ವಾಧೀನ ಇಲ್ಲ. ಈ ಸಭೆಯಲ್ಲಿ ಅಂಥದ್ದನ್ನು ಕಾಣದ ಮನೆಯವರು ಯಾರಿದ್ದಾರೆ? ನಮ್ಮ ಕಡೆ ಪ್ರತಿ ಮಳೆಗಾಲವೂ ಒಂದೊಂದು ಊರಿನಲ್ಲಿ ಒಬ್ಬೊಬ್ಬರು ಹೀಗೆ ಬೀಳುತ್ತಾರೆ. ಅಣ್ಣನ ಮನೆಯಲ್ಲಿ ಮೂರು ದನ, ಅತ್ತಿಗೆ ಕರೆಯುತ್ತಾರೆ. ಹಾಲು ತರುವುದು ಮಾತ್ರ ಅಣ್ಣನೇ, ಗಾಲಿಕುರ್ಚಿಯಲ್ಲಿ ಮಡಿಲಿಗೆ ಕ್ಯಾನು ಇಟ್ಟುಕೊಂಡು, ಮಗಳು ಹಿಂದಿನಿಂದ ದೂಡಿಕೊಂಡು. ಮೊದಲು ಸಂಘಕ್ಕೆ ಮೂರು ಮೆಟ್ಟಿಲು ಇತ್ತು. ಅವರು ಅಂಗಳದಲ್ಲಿ ನಿಲ್ಲುವುದು, ಯಾರಾದರೂ ಕ್ಯಾನು ಒಳಗೆ ತೆಗೆದುಕೊಂಡು ಹೋಗಿ, ಅಳತೆ ಮಾಡಿಸಿ, ಚೀಟಿ ತಂದು ಕೊಡುವುದು. ವರ್ಷಗಟ್ಟಲೆ ಹೀಗೇ ನಡೆಯಿತು. ನಮಗೆ ಅದೊಂದು ಉಪಕಾರ ಎಂದೇ ಇತ್ತು ಮನಸ್ಸಿನಲ್ಲಿ.

ಕ್ಯಾನು ಸಾಗಿಸುವ ಗಾಡಿಗೆಂದು ಮೆಟ್ಟಿಲ ಬದಿಯಲ್ಲಿ ಒಂದು ಇಳಿಜಾರು ಮಾಡಿಸಿದ್ದೆವು. ಗ್ರೇಟಿಂಗ್ ಹಾಕಿದ ವಾರ ಅಣ್ಣ ಅದರಲ್ಲಿ ಬಂದರು. ಇಳಿಜಾರು ತುಂಬಾ ಕಡಿದಾಗಿತ್ತು, ಮಗಳ ಜೊತೆ ಇನ್ನಿಬ್ಬರು ದೂಡಬೇಕಾಯಿತು. ದೂಡಿದ ರಭಸಕ್ಕೆ ಕುರ್ಚಿ ಬಾಗಿಲಿಗೆ ಬಂತು. ಗಾಲಿಕುರ್ಚಿಯ ಹಿಂದಿನ ಚಕ್ರ ದೊಡ್ಡದು, ಅದಕ್ಕೆ ಎಂತದೂ ಆಗುವುದಿಲ್ಲ. ಮುಂದಿನ ಎರಡು ಗಾಲಿ ಸಣ್ಣವು, ಅಗಲ ಒಂದು ಇಂಚು ಅಷ್ಟೆ. ಎಡಬದಿಯ ಗಾಲಿ ಎರಡು ಪಟ್ಟಿಯ ನಡುವೆ ಸೀದಾ ಇಳಿದು ಸಿಕ್ಕಿಕೊಂಡಿತು. ಕುರ್ಚಿ ನಿಂತಿತು, ಅಣ್ಣ ನಿಲ್ಲಲಿಲ್ಲ. ಮುಂದಕ್ಕೆ ಬಿದ್ದರು. ಕೈ ಊರಿದ್ದು ಆ ಹಲ್ಲಿನ ಮೇಲೆ. ಎರಡೂ ಅಂಗೈ ಹರಿಯಿತು.

ರಕ್ತ ತೊಳೆದು ಬಟ್ಟೆ ಕಟ್ಟುವಾಗ ನಾವು, "ಅಣ್ಣಾ, ನೀವು ಹೊರಗೇ ನಿಲ್ಬಹುದಿತ್ತು, ಕ್ಯಾನು ನಾವೇ ತರ್ತಿದ್ದೆವಲ್ಲ" ಎಂದೆವು. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: "ನನ್ನ ಹಾಲಿನ ಫ್ಯಾಟ್ ಎಷ್ಟು ಅಂತ ನಾನು ನೋಡ್ಬೇಡ್ವಾ? ನೀವೆಲ್ಲ ಮಿಶನಿನ ಎದುರು ನಿಂತು ನೋಡ್ತೀರಿ. ನನಗೆ ಚೀಟಿ."

ಹಾಲಿನ ಸಂಘದಲ್ಲಿ ಈ ಮಾತಿನ ಅರ್ಥ ಎಂತದೆಂದು ನಿಮಗೆ ಗೊತ್ತುಂಟು. ಒಂದು ಪಾಯಿಂಟ್ ಕಡಿಮೆ ಬಂದರೆ ನಾವು ಪರೀಕ್ಷಕರ ಹತ್ತಿರ ಜಗಳಕ್ಕೆ ನಿಲ್ಲುವವರು. ಅಣ್ಣ ಅಷ್ಟು ವರ್ಷ ನಮ್ಮನ್ನು ನಂಬಿ ಚೀಟಿ ತೆಗೆದುಕೊಂಡು ಹೋದರು. ನಮಗೆ ಆ ದಿನ ಊಟ ಸೇರಲಿಲ್ಲ.

ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ವಿಷಯ ಬಂತು. ಮುಚ್ಚುಮರೆ ಮಾಡುವುದಿಲ್ಲ, "ಒಬ್ಬರಿಗೆ ಬೇಕಾಗಿ ಇಷ್ಟೆಲ್ಲ ಒಡೆದು ಕಟ್ಟುವುದಾ" ಎಂಬ ಮಾತು ಆಡಿದವರಲ್ಲಿ ನಾವೂ ಸೇರಿದ್ದೇವೆ. ಅಣ್ಣನನ್ನು ಸಭೆಗೆ ಕರೆದಿದ್ದೆವು, ಅಂಗಳದಲ್ಲಿಯೇ ಸಭೆ ಮಾಡಿದ್ದು. ಅವರು ಸಿಟ್ಟು ಮಾಡಲಿಲ್ಲ. "ಮರದಿಂದ ಬೀಳುವ ಹಿಂದಿನ ದಿನ ಕೇಳಿದ್ರೆ ನಾನೂ ಹಾಗೇ ಹೇಳ್ತಿದ್ದೆ" ಎಂದರು. ಆ ಸಭೆಯಲ್ಲಿ ಕೂತಿದ್ದವರಲ್ಲಿ ನಾಲ್ಕು ಜನ ಆ ವಾರವೇ ಮದ್ದು ಬಿಡಲು ಮರಕ್ಕೆ ಹತ್ತುವವರು. ಮತ್ತೆ ಯಾರೂ ಮಾತಾಡಲಿಲ್ಲ.

ಈ ಸಲ ಅಣ್ಣನನ್ನೇ ಕರೆದುಕೊಂಡು ಮಂಗಳೂರಿಗೆ ಹೋದೆವು. ಅವರು ಒಂದು ಉಪಾಯ ಮಾಡಿದ್ದರು. ಹಳೆಯ ಕುರ್ಚಿಯ ಮುಂದಿನ ಗಾಲಿಯೊಂದನ್ನು ಬಿಚ್ಚಿ ಚೀಲದಲ್ಲಿ ಹಾಕಿಕೊಂಡು ಬಂದಿದ್ದರು. ಬಂದರಿನ ಗಲ್ಲಿಗಳಲ್ಲಿ ಅಂಗಡಿಗಳಿಗೆಲ್ಲ ಎರಡು ಮೂರು ಮೆಟ್ಟಿಲು. ಆದ್ದರಿಂದ ಅವರು ಕಾರಿನಲ್ಲೇ ಕೂತರು. ನಾವು ಮಾದರಿ ತುಂಡುಗಳನ್ನು ತಂದು ಅವರ ಮಡಿಲಲ್ಲಿ ಇಡುವುದು, ಅವರು ಗಾಲಿಯನ್ನು ಅದರ ಮೇಲೆ ಉದ್ದಕ್ಕೂ ಅಡ್ಡಕ್ಕೂ ಉರುಳಿಸಿ ನೋಡುವುದು. ಇಳಿದರೆ "ಬೇಡ". ಇಳಿಯದಿದ್ದರೆ ತನ್ನ ಅತ್ತೆಯ ಊರುಗೋಲಿನ ತುದಿಯನ್ನು ಇಟ್ಟು ನೋಡುವುದು, ಅದನ್ನೂ ತಂದಿದ್ದರು. ಅಂಗಡಿಯವರಿಗೂ ತಮಾಷೆ, ಆಮೇಲೆ ಅವರೇ ಉಮೇದಿನಿಂದ ಒಳಗಿಂದ ಹುಡುಕಿ ಹುಡುಕಿ ತಂದರು. ಮಧ್ಯಾಹ್ನ ದಕ್ಕೆಯ ಕಡೆ ಹೋದೆವು. ಮೀನಿನ ನೀರು, ಐಸಿನ ನೀರು ಹರಿಯುವ ನೆಲದಲ್ಲಿ ಬುಟ್ಟಿ ಹೊತ್ತವರು ಬೆರಳುಗಳನ್ನು ನೆಲಕ್ಕೆ ಒತ್ತಿ ನಡೆಯುವುದನ್ನು ನೋಡುತ್ತಾ ಅಣ್ಣ ಹೇಳಿದರು, "ನಡೆಯುವವರೆಲ್ಲ ಇಲ್ಲಿ ಕಾಲಿನಿಂದಲೇ ನೆಲ ಹಿಡೀತಾರೆ. ಗಾಲಿಗೆ ಬೆರಳಿಲ್ಲ."

ಬೈಕಂಪಾಡಿಯ ವೆಲ್ಡಿಂಗ್ ಶೆಡ್ಡಿನಲ್ಲಿ ನಮಗೆ ನಿಜವಾದ ಪಾಠ ಆಯಿತು. ಅಲ್ಲಿಯ ಮೇಸ್ತ್ರಿ ಒಂದು ರಟ್ಟಿನ ಮೇಲೆ ಗೀಟು ಹಾಕಿ ತೋರಿಸಿದರು. ಗ್ರೇಟಿಂಗಿನಲ್ಲಿ ಭಾರ ಹೊರುವುದು ಒಂದು ದಿಕ್ಕಿನ ಪಟ್ಟಿಗಳು ಮಾತ್ರ. ಅಡ್ಡ ಹೋಗುವ ಸರಳು ಅವುಗಳನ್ನು ಹಿಡಿದು ನಿಲ್ಲಿಸುವುದಕ್ಕೆ. ಆದ್ದರಿಂದ ಭಾರದ ಪಟ್ಟಿಯ ಎರಡು ತುದಿಯೂ ಚರಂಡಿಯ ಎರಡು ದಂಡೆಯ ಮೇಲೆ ಕೂರಲೇಬೇಕು. ತಿರುಗಿಸಿ ಹಾಕಿದರೆ ಹಾಲಿನ ಕ್ಯಾನಿನ ಗಾಡಿ ಹೋಗುವಾಗ ಜಗ್ಗಿ ಕುಸಿಯುತ್ತದೆ. ಆದರೆ ಬಾಗಿಲಿಗೆ ಅಡ್ಡವಾಗಿ ಚರಂಡಿ ಇದ್ದರೆ, ದಂಡೆಯಿಂದ ದಂಡೆಗೆ ಹೋಗುವ ಪಟ್ಟಿ ಎಂದರೆ ನಾವು ನಡೆಯುವ ದಿಕ್ಕಿಗೇ ಇರುವ ಪಟ್ಟಿ. ಅವುಗಳ ನಡುವಿನ ಸಂದು ಸಹ ಅದೇ ದಿಕ್ಕಿಗೆ. ಗಾಲಿಗೆ ಅದು ರೈಲಿನ ಹಳಿಯ ಹಾಗೆ, ಸೀದಾ ಒಳಗೆ. ಉದ್ದ ಸಂದು ನಡೆಯುವ ದಿಕ್ಕಿಗೆ ಅಡ್ಡವಾಗಿ ಇರಬೇಕು ಎಂದು ಪುಸ್ತಕದಲ್ಲಿ ಉಂಟು. ನಮ್ಮ ಬಾಗಿಲಿನಲ್ಲಿ ಹಾಗೆ ಮಾಡಿದರೆ ಭಾರ ನಿಲ್ಲುವುದಿಲ್ಲ.

"ಹಾಗಾದ್ರೆ ಸಂದನ್ನೇ ಸಣ್ಣ ಮಾಡುವ" ಎಂದರು ಮೇಸ್ತ್ರಿ. ಗಾಲಿಕುರ್ಚಿ ಹೋಗುವಲ್ಲಿ ಸಂದು ಅರ್ಧ ಇಂಚು ದಾಟಬಾರದು ಎಂಬುದು ಅಮೆರಿಕದಲ್ಲಿಯೂ ಇರುವ ನಿಯಮ. 3 ಮಿ.ಮೀ. ದಪ್ಪದ ಪಟ್ಟಿಯನ್ನು 15 ಮಿ.ಮೀ.ಗೆ ಒಂದರಂತೆ ಕೂರಿಸಿದರೆ ನಡುವೆ ಉಳಿಯುವುದು 12 ಮಿ.ಮೀ. ಅಣ್ಣ ಗಾಲಿ ಇಟ್ಟರು, ನಿಂತಿತು. ಕೋಲಿನ ತುದಿ ಇಟ್ಟರು, ನಿಂತಿತು. ಪಟ್ಟಿಯ ಸಂಖ್ಯೆ ಎರಡು ಪಾಲು ಆದ್ದರಿಂದ ಕಬ್ಬಿಣದ ಖರ್ಚು ಏರಿತು, ಅದು ನಿಜ. ಆದರೂ ಈ ದಿನದ ಶಾಮಿಯಾನದ ಬಾಡಿಗೆಗಿಂತ ಕಡಿಮೆಯೇ. ಖಜಾಂಚಿಯವರು ತಲೆ ಅಲ್ಲಾಡಿಸುತ್ತಿದ್ದಾರೆ, ಲೆಕ್ಕ ಸರಿ ಉಂಟು ಅಂತ ಅರ್ಥ.

ಹಲ್ಲಿನ ವಿಚಾರವನ್ನು ಬೇರೆಯಾಗಿ ಹೇಳಬೇಕು. ಕಾರ್ಖಾನೆಯಲ್ಲಿ ಎಲ್ಲರ ಕಾಲಿಗೂ ಬೂಟು. ನಮ್ಮ ಸಂಘಕ್ಕೆ ಬರುವವರು ಚಪ್ಪಲಿಯನ್ನು ಹೊರಗೆ ಬಿಟ್ಟು ಬರುತ್ತಾರೆ, ಹಾಲಿನ ಜಾಗ ಎಂಬ ಮರ್ಯಾದೆಗೆ. ಬರಿಗಾಲಿಗೆ ಆ ಗರಗಸ ಎಂತ ಸುಖ? ಹೆಂಗಸರು ಅದನ್ನು ದಾಟಿ ಹಾರುತ್ತಿದ್ದರಂತೆ, ನಮಗೆ ಯಾರೂ ಹೇಳಿರಲಿಲ್ಲ, ನಾವು ಕೇಳಿರಲೂ ಇಲ್ಲ. ಜಾರಬಾರದೆಂದು ಹಾಕಿದ್ದನ್ನು ಹಾರಿ ದಾಟಿ ಮತ್ತೆ ಅದೇ ಟೈಲ್ಸಿನ ಮೇಲೆ ಕಾಲಿಡುವುದು. ಇನ್ನೊಂದು ಉಂಟು. ಕೊಕ್ಕಡದ ಕಡೆ ನಮ್ಮ ನೆಂಟರ ಮನೆಗೆ ಹೋದಾಗ ಪಕ್ಕದ ಮನೆಯ ಹುಡುಗ ನೆಲಕ್ಕೆ ಕೈಯೂರಿ ತೆವಳಿಕೊಂಡು ಅಂಗಳಕ್ಕೆ ಬಂದದ್ದು ಕಣ್ಣಿಗೆ ಕಟ್ಟಿದೆ. ಆ ಕೊಕ್ಕಡ, ನಿಡ್ಲೆ, ಪಟ್ರಮೆಯ ಗೇರು ತೋಪುಗಳಿಗೂ, ಗಡಿಯಾಚೆ ಕಾಸರಗೋಡಿನ ಎಣ್ಮಕಜೆ ಕಡೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ಕಥೆ ನಿಮಗೆಲ್ಲ ಗೊತ್ತು. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ನಿಲ್ಲಿಸಿತು, ಮಕ್ಕಳು ಮಾತ್ರ ಹಾಗೇ ಬೆಳೆದು ದೊಡ್ಡವರಾದರು. ಗಾಲಿಕುರ್ಚಿಯೂ ಇಲ್ಲದೆ ಕೈಯಲ್ಲೇ ನಡೆಯುವವರು ನಾಳೆ ನಮ್ಮ ಬಾಗಿಲಿಗೆ ಬಂದರೆ? ಅಣ್ಣನ ಅಂಗೈಯ ಕಲೆ ನೋಡಿದ ಮೇಲೆ ಹಲ್ಲು ಬೇಡ ಎಂದಾಯಿತು. ಅದರ ಬದಲು ಪಟ್ಟಿಯ ಮೇಲಂಚಿನಲ್ಲಿ ಉಗುರಿನ ಗುರುತಿನಷ್ಟು ತಗ್ಗುಗಳನ್ನು ಮಾಡಿಸಿ, ಅಂಚನ್ನೆಲ್ಲ ಉಜ್ಜಿ ನಯ ಮಾಡಿಸಿದೆವು. ಹಿಡಿತವೂ ಉಂಟು, ಕೀರುವುದೂ ಇಲ್ಲ.

ಸತುವಿನ ಲೇಪನದ ವಿಷಯದಲ್ಲಿಯೂ ಕಲಿತೆವು. ಸಮುದ್ರದ ಗಾಳಿಗೆ ಬರೀ ಬಣ್ಣ ಬಳಿದ ಕಬ್ಬಿಣ ಎರಡು ಮಳೆಗಾಲ ತಡೆಯುವುದಿಲ್ಲ. ಕರಗಿದ ಸತುವಿನಲ್ಲಿ ಅದ್ದಿ ತೆಗೆಸಬೇಕು. ಅದೂ ವೆಲ್ಡಿಂಗ್, ಕೊಯ್ಯುವುದು, ಉಜ್ಜುವುದು ಎಲ್ಲ ಮುಗಿದ ಮೇಲೆ. ಅದ್ದಿದ ಮೇಲೆ ವೆಲ್ಡಿಂಗ್ ಮಾಡಿದರೆ ಆ ಜಾಗದ ಸತು ಸುಟ್ಟು ಅಲ್ಲಿಂದಲೇ ತುಕ್ಕು ಶುರು. ಆದರೆ ಹಾಲು ಹುಳಿಯಾದರೆ ಆ ಹುಳಿ ಸತುವನ್ನೂ ತಿನ್ನುತ್ತದೆ. ಹಾಗಾಗಿ ಹೊರಗಿನ ಬಾಗಿಲಿಗೆ ಸತು ಲೇಪನದ್ದು, ಒಳಗೆ ಹಾಲು ಸುರಿಯುವಲ್ಲಿ ಸ್ಟೀಲಿನದ್ದು. ತುಂಡುಗಳು ಎರಡು ಅಡಿ ಉದ್ದಕ್ಕಿಂತ ಹೆಚ್ಚಿಲ್ಲ, ತೊಳೆಯುವ ಅಕ್ಕ ಒಬ್ಬರೇ ಎತ್ತಬೇಕಲ್ಲ. ಸಂದು ಸಣ್ಣದಾದ್ದರಿಂದ ಹುಲ್ಲು, ತರಗೆಲೆ ಬೇಗ ಕಟ್ಟಿಕೊಳ್ಳುತ್ತದೆ, ದಿನಾ ಗುಡಿಸಬೇಕು, ವಾರಕ್ಕೆ ಎರಡು ಸಲ ಎತ್ತಿ ಅಡಿ ತೊಳೆಯಬೇಕು. ಇಲ್ಲವಾದರೆ ನೊಣ, ವಾಸನೆ. ಮೂಲೆಗೆ ಬೋಲ್ಟು ಹಾಕಿದ್ದೇವೆ, ಸದ್ದು ಬಾರದ ಹಾಗೆ. ಗುಜರಿಯ ದಾರಿ ಹಿಡಿಯದ ಹಾಗೆ ಕೂಡ.

ಜಾಲರಿ ನೆಲದ ಸಮಕ್ಕೆ ಕೂತಿದೆ. ಕಾಲು ಇಂಚು ಎದ್ದರೂ ಸಣ್ಣ ಗಾಲಿ ಅಲ್ಲಿ ತಡೆದು ನಿಲ್ಲುತ್ತದೆ, ಕೋಲು ಎಡವುತ್ತದೆ. ಬಾಗಿಲ ಒಳಗಿನ ಟೈಲ್ಸನ್ನು ಅಷ್ಟಗಲ ಕಿತ್ತು ಒರಟು ಕಲ್ಲು ಹಾಕಿದೆವು. ಇಳಿಜಾರಿನ ಲೆಕ್ಕ ಬಹಳ ಸುಲಭ: ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ನಮ್ಮ ಜಗಲಿ ಒಂದೂವರೆ ಅಡಿ, ಆದ್ದರಿಂದ ಹದಿನೆಂಟು ಅಡಿ ಬೇಕು. ನಾವು ಮೊದಲು ಕಟ್ಟಿಸಿದ್ದು ಆರು ಅಡಿ! ಅದು ಇಳಿಜಾರಲ್ಲ, ಜಾರುಬಂಡೆ. ಅಂಗಳದಲ್ಲಿ ಸೀದಾ ಹದಿನೆಂಟು ಅಡಿ ಸಿಗದ್ದರಿಂದ ನಡುವೆ ಒಂದು ಕಡೆ ಸಮತಟ್ಟು ಮಾಡಿ ತಿರುಗಿಸಿದ್ದೇವೆ. ಎರಡೂ ಬದಿಗೆ ಪೈಪಿನ ಹಿಡಿಕೆ.

ಕಾನೂನಿನ ಮಾತು ಒಂದೇ ಹೇಳಿ ಬಿಡುತ್ತೇವೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ ಖಾಸಗಿ ಸಂಸ್ಥೆ ಎಂದರೆ ಯಾವುದೆಲ್ಲ ಎಂದು ಹೇಳುವಲ್ಲಿ ಕಂಪೆನಿ, ಕಾರ್ಖಾನೆಗಳ ಸಾಲಿನಲ್ಲಿ ಸಹಕಾರ ಸಂಘದ ಹೆಸರೂ ಉಂಟು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ಇಂಥ ಸೌಕರ್ಯದ ನಿಯಮಗಳು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯ ನಿಯಮ ಮಾಡಿ ಎಂದು ಕೇಂದ್ರ ಸರಕಾರಕ್ಕೆ ಹೇಳಿತು. ಎಸ್ಸೆಸ್ಸೆಲ್ಸಿ ಓದಿದ ನಮಗೆ ಇದನ್ನೆಲ್ಲ ಓದಿ ಹೇಳಿದ್ದು ಅಣ್ಣನ ಮಗಳು. ಅವಳು ಈಗ ಮಂಗಳೂರಿನಲ್ಲಿ ಕಾಲೇಜಿಗೆ ಹೋಗುತ್ತಾಳೆ. ಮೊದಲು ಅಪ್ಪನ ಕುರ್ಚಿ ದೂಡಿ ಆಗುವಷ್ಟರಲ್ಲಿ ಅವಳಿಗೆ ಏಳೂಕಾಲರ ಬಸ್ಸು ತಪ್ಪುತ್ತಿತ್ತು. ಈಗ ಅಣ್ಣ ಒಬ್ಬರೇ ಬರುತ್ತಾರೆ.

ಒಬ್ಬರೇ ಬಂದು, ಇಳಿಜಾರು ಹತ್ತಿ, ಜಾಲರಿ ದಾಟಿ, ಮಿಶನಿನ ಎದುರು ನಿಲ್ಲುತ್ತಾರೆ. ಮೊದಲ ದಿನ ಫ್ಯಾಟ್ 3.9 ಬಂತು. "ನಿನ್ನೆ ಚೀಟಿಯಲ್ಲಿ 4.1 ಇತ್ತಲ್ಲ, ಇವತ್ತು ಎಂತ ಕಡಿಮೆ?" ಎಂದು ಪರೀಕ್ಷಕರನ್ನು ಹಿಡಿದುಕೊಂಡರು. ಅಂದಿನಿಂದ ವಾರಕ್ಕೆ ಒಂದು ಸಲವಾದರೂ ಜಗಳ ಉಂಟು. ಪರೀಕ್ಷಕರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ, ಬೇಕಾದರೆ ಕೇಳಿ ನೋಡಿ.

ಹಿತ್ತಲಿನ ಶೌಚಾಲಯಕ್ಕೆ ಇನ್ನೂ ಎರಡು ಮೆಟ್ಟಿಲು ಉಂಟು, ಬಾಗಿಲೂ ಕಿರಿದು. ಅದರ ಎಸ್ಟಿಮೇಟು ಕಾರ್ಯದರ್ಶಿಯವರ ಕಪಾಟಿನಲ್ಲಿ ಮೂರು ತಿಂಗಳಿನಿಂದ ಇದೆ. ಬರುವ ಮಹಾಸಭೆಯಲ್ಲಿ ಅದನ್ನು ಮಂಡಿಸುತ್ತೇವೆ. ಆ ದಿನ ಊಟಕ್ಕೆ ಮೊದಲು ಎದ್ದು ಹೋಗಬೇಡಿ, ಕೋರಂ ಬೇಕು.